ಹಿತ್ತಲಿನಿಂದ ಸ್ಟೀಫನ್ಸ್ ಕ್ವಿಂಟೆಟ್: ನಾಲ್ಕು ನೆಂಟರು, ಒಬ್ಬ ದಾರಿಹೋಕ

ಪೆಗಾಸಸ್ ತಾರಾಪುಂಜದ ಒಂದು ಮೂಲೆಯಲ್ಲಿ ಐದು ಗೆಲಾಕ್ಸಿಗಳು ಒತ್ತೊತ್ತಾಗಿ ಕೂತಿವೆ. 1877ರಲ್ಲಿ ಫ್ರಾನ್ಸಿನ ಮಾರ್ಸೇ ವೀಕ್ಷಣಾಲಯದಲ್ಲಿ ಎಡ್ವಾರ್ ಸ್ಟೀಫನ್ 80 ಸೆಂಟಿಮೀಟರ್ ಕನ್ನಡಿಯ ಟೆಲಿಸ್ಕೋಪಿನಲ್ಲಿ ಇವನ್ನು ಕಂಡುಹಿಡಿದರು. ಹೆಸರು ಅವರದೇ, ಸ್ಟೀಫನ್ಸ್ ಕ್ವಿಂಟೆಟ್. ಅವರು ಅಷ್ಟು ದೊಡ್ಡ ಕನ್ನಡಿಯಲ್ಲಿ ಮಸುಕು ಚುಕ್ಕೆಗಳಾಗಿ ನೋಡಿದ್ದನ್ನು ಇವತ್ತು 8 ಇಂಚಿನ ಟೆಲಿಸ್ಕೋಪ್ ಮತ್ತು ಒಂದು ಕ್ಯಾಮೆರಾ ಇಟ್ಟುಕೊಂಡು ಮನೆ ಹಿತ್ತಲಿನಿಂದ ಬಣ್ಣದಲ್ಲಿ ಹಿಡಿಯಬಹುದು.

ಐದರಲ್ಲಿ ನಾಲ್ಕು (7317, 7318ಎ, 7318ಬಿ, 7319) ಸುಮಾರು 29 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ, ಒಂದನ್ನೊಂದು ಎಳೆದಾಡುತ್ತಿವೆ. ಐದನೆಯದು, ಎನ್‌ಜಿಸಿ 7320 (ಎನ್‌ಜಿಸಿ ಅಂದರೆ ಆಕಾಶಕಾಯಗಳ ಒಂದು ಪಟ್ಟಿ, ಈ ಸಂಖ್ಯೆಗಳೆಲ್ಲ ಅದರವೇ), ಬರೀ 4 ಕೋಟಿ ಜ್ಯೋತಿರ್ವರ್ಷ ದೂರದ್ದು. ಗುಂಪಿನ ಫೋಟೋ ತೆಗೆಯುವಾಗ ಮುಂದೆ ಹಾದುಹೋದ ದಾರಿಹೋಕನ ಹಾಗೆ ಅದು ಚೌಕಟ್ಟಿಗೆ ಬಿದ್ದಿದೆ. ಇದು ಗೊತ್ತಾಗಿದ್ದು 1961ರಲ್ಲಿ, ಮಾರ್ಗರೆಟ್ ಮತ್ತು ಜೆಫ್ರಿ ಬರ್ಬಿಜ್ ದಂಪತಿ ಅದರ ರೆಡ್‌ಶಿಫ್ಟ್ (ದೂರ ಸರಿಯುವುದರಿಂದ ಬೆಳಕು ಕೆಂಪಿನ ಕಡೆ ಎಷ್ಟು ಜಾರಿದೆ ಅನ್ನೋದು) ಅಳೆದಾಗ. ನನ್ನ ಪ್ರಕಾರ ಕ್ವಿಂಟೆಟ್‌ನ ಒಳ್ಳೆಯ ಫೋಟೋ ಅಂದರೆ ಐದು ಚೆಂದದ ಗೆಲಾಕ್ಸಿಗಳ ಫೋಟೋ ಅಲ್ಲ. ಯಾರು ಒಳಗಿನವರು, ಯಾರು ಹೊರಗಿನವರು ಅನ್ನೋದು ನೋಡಿದವರಿಗೆ ಕಾಣಬೇಕು. ಕೆಳಗೆ ಹೇಳುವುದೆಲ್ಲ ಆ ಒಂದು ಗುರಿ ಇಟ್ಟುಕೊಂಡೇ.

ಮೊದಲೇ ಹೇಳಿಬಿಡುತ್ತೇನೆ, ಇದು ಮೊದಲ ಗೆಲಾಕ್ಸಿ ಫೋಟೋಗೆ ತಕ್ಕದ್ದಲ್ಲ. ಎಂ51 ತೆಗೆದಿದ್ದೀರಾ? ಸಿಂಹ ರಾಶಿಯ ಮೂರು ಗೆಲಾಕ್ಸಿಗಳನ್ನು (ಎಂ65, ಎಂ66, ಎನ್‌ಜಿಸಿ 3628) ಒಂದೇ ಚೌಕಟ್ಟಿನಲ್ಲಿ ಹಿಡಿದಿದ್ದೀರಾ? ಹಾಗಿದ್ದರೆ ಬನ್ನಿ. ಇಲ್ಲದಿದ್ದರೆ ಅವನ್ನು ಮುಗಿಸಿಕೊಂಡು ಬನ್ನಿ, ಕ್ವಿಂಟೆಟ್ ಎಲ್ಲೂ ಓಡಿಹೋಗೋದಿಲ್ಲ.

ಎಷ್ಟು ಚಿಕ್ಕದು ಅಂದರೆ

ಇಡೀ ಗುಂಪಿನ ಅಗಲ ಸುಮಾರು 4 ಆರ್ಕ್‌ಮಿನಿಟ್ (ಒಂದು ಡಿಗ್ರಿಯಲ್ಲಿ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ನಲ್ಲಿ 60 ಆರ್ಕ್‌ಸೆಕೆಂಡ್). ಅಂದರೆ ಹುಣ್ಣಿಮೆ ಚಂದ್ರನ ಅಗಲದ ಎಂಟನೇ ಒಂದು ಭಾಗ. ಅದರೊಳಗೆ ಐದು ಗೆಲಾಕ್ಸಿಗಳು! ಅದಕ್ಕೇ ಇಲ್ಲಿ ಫೋಕಲ್ ಲೆಂಗ್ತ್ ಲೆಕ್ಕ ಹಾಕದೆ ಮುಂದೆ ಹೋಗಬಾರದು.

ಲೆಕ್ಕ ಸುಲಭ. ಕ್ಯಾಮೆರಾದ ಪಿಕ್ಸೆಲ್ ಗಾತ್ರವನ್ನು ಮೈಕ್ರಾನಿನಲ್ಲಿ ತಗೊಂಡು 206ರಿಂದ ಗುಣಿಸಿ, ಟೆಲಿಸ್ಕೋಪಿನ ಫೋಕಲ್ ಲೆಂಗ್ತ್‌ನಿಂದ (ಮಿಲಿಮೀಟರಿನಲ್ಲಿ) ಭಾಗಿಸಿ. ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್‌ಸೆಕೆಂಡ್ ನೋಡುತ್ತೆ ಅಂತ ಸಿಗುತ್ತದೆ. ನನ್ನದು 8 ಇಂಚಿನ ಎಫ್/5 ನ್ಯೂಟೋನಿಯನ್, 1000 ಮಿಲಿಮೀಟರ್. ಕ್ಯಾಮೆರಾ 3.76 ಮೈಕ್ರಾನಿನದು. ಪಿಕ್ಸೆಲ್‌ಗೆ ಸುಮಾರು 0.78 ಆರ್ಕ್‌ಸೆಕೆಂಡ್ ಬರುತ್ತದೆ, ಕ್ವಿಂಟೆಟ್ ಸುಮಾರು 310 ಪಿಕ್ಸೆಲ್ ಅಗಲಕ್ಕೆ ಕೂರುತ್ತದೆ. ಇದೇ ಕ್ಯಾಮೆರಾವನ್ನು 400 ಮಿಲಿಮೀಟರಿನ ಸಣ್ಣ ರಿಫ್ರಾಕ್ಟರಿಗೆ ಹಾಕಿದರೆ 125 ಪಿಕ್ಸೆಲ್ ಕೂಡ ಆಗಲ್ಲ. ಫೋಟೋ ಬರುತ್ತದೆ, ಆದರೆ ಕಥೆ ಕಾಣಲ್ಲ.

ಹಾಗಂತ ಬಾರ್ಲೋ ಲೆನ್ಸ್ ಹಾಕಿ ಫೋಕಲ್ ಲೆಂಗ್ತ್ ದುಪ್ಪಟ್ಟು ಮಾಡುವುದು ಸುಮ್ನೆ ಶ್ರಮ. ಗಾಳಿಯ ಅಲುಗಾಟದಿಂದಲೇ ನಕ್ಷತ್ರಗಳು ಸಾಮಾನ್ಯ ರಾತ್ರಿಯಲ್ಲಿ 2ರಿಂದ 4 ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡುತ್ತವೆ. ಅದಕ್ಕಿಂತ ಸಣ್ಣ ವಿವರ ಯಾವ ಲೆನ್ಸಿಗೂ ಸಿಗೋದಿಲ್ಲ. ಪಿಕ್ಸೆಲ್‌ಗೆ 0.7ರಿಂದ 1.2 ಆರ್ಕ್‌ಸೆಕೆಂಡ್ ಇದ್ದರೆ ಸಾಕು. 8 ಇಂಚಿನ ಎಫ್/10 ಶ್ಮಿಟ್ ಕ್ಯಾಸಗ್ರೇನ್ ಇರುವವರು ರೆಡ್ಯೂಸರ್ (ಫೋಕಲ್ ಲೆಂಗ್ತ್ ಕಮ್ಮಿ ಮಾಡುವ ಲೆನ್ಸ್) ಹಾಕಿಕೊಳ್ಳಿ, ಇಲ್ಲವೇ 2×2 ಬಿನ್ ಮಾಡಿ, ಅಂದರೆ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ.

ಹುಡುಕುವುದು, ಚೌಕಟ್ಟು ಕಟ್ಟುವುದು

ಪೆಗಾಸಸ್‌ನ ದೊಡ್ಡ ಚೌಕ ಗೊತ್ತಲ್ವಾ? ನಮ್ಮ ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳು ಅದರ ಮೂಲೆಗಳೇ. ಚೌಕದ ವಾಯವ್ಯ ಮೂಲೆಯ ಶೀಟ್ ನಕ್ಷತ್ರದಿಂದ ಇನ್ನೂ ಸ್ವಲ್ಪ ಪಶ್ಚಿಮಕ್ಕೆ ಮಟಾರ್ ಇದೆ, ಅಂದರೆ ಈಟಾ ಪೆಗಾಸಿ. ಅಲ್ಲಿಂದ ಉತ್ತರಕ್ಕೆ ಸುಮಾರು 4 ಡಿಗ್ರಿ ಹೋದರೆ ಎನ್‌ಜಿಸಿ 7331 ಎನ್ನುವ ದೊಡ್ಡ ಓರೆ ಸುರುಳಿ ಸಿಗುತ್ತದೆ. ಅದರ ನೈಋತ್ಯಕ್ಕೆ ಅರ್ಧ ಡಿಗ್ರಿಯಲ್ಲಿ ಕ್ವಿಂಟೆಟ್.

ಗೋಟೂ ಮೌಂಟ್ (ಹೆಸರು ಕೊಟ್ಟರೆ ತಾನೇ ಅತ್ತ ತಿರುಗುವ ಟೆಲಿಸ್ಕೋಪ್ ಸ್ಟ್ಯಾಂಡ್) ಇರುವವರಿಗೆ ಇದೆಲ್ಲ ಬೇಕಿಲ್ಲ. ಎನ್‌ಜಿಸಿ 7320 ಅಂತ ಕೊಟ್ಟು, ಒಂದು 10 ಸೆಕೆಂಡಿನ ಫೋಟೋ ತೆಗೆದು ಪ್ಲೇಟ್ ಸಾಲ್ವ್ ಮಾಡಿಸಿ, ಅಂದರೆ ಫೋಟೋದ ನಕ್ಷತ್ರ ನೋಡಿ ಟೆಲಿಸ್ಕೋಪ್ ಎತ್ತ ತಿರುಗಿದೆ ಅಂತ ಕಂಪ್ಯೂಟರ್ ಕಂಡುಹಿಡಿಯಲಿ. ನಾನು ನೀನಾ ಮತ್ತು ಆಸ್ಟಾಪ್ ಪ್ರೋಗ್ರಾಂ ಬಳಸುತ್ತೇನೆ, ಎರಡೂ ಉಚಿತ. ಆ 10 ಸೆಕೆಂಡಿನ ಫೋಟೋದಲ್ಲಿ ನಿಮಗೆ ಏನೂ ಕಾಣದಿರಬಹುದು, ಗಾಬರಿ ಬೇಡ. ಈ ಗೆಲಾಕ್ಸಿಗಳ ಪ್ರಕಾಶ 13, 14ನೇ ಕಾಂತಿಮಾನದ ಆಸುಪಾಸಿನದು (ಸಂಖ್ಯೆ ದೊಡ್ಡದಾದಷ್ಟೂ ಮಸುಕು).

7331 ಅನ್ನೂ ಸೇರಿಸಿಕೊಳ್ಳಬೇಕಾ? ಎಪಿಎಸ್-ಸಿ ಸೆನ್ಸರ್ ಇದ್ದರೆ 1000 ಮಿಲಿಮೀಟರಿನಲ್ಲಿ ಇಬ್ಬರೂ ಆರಾಮಾಗಿ ಹಿಡಿಯುತ್ತಾರೆ. ನಾನು ಸೇರಿಸಿಕೊಳ್ಳುತ್ತೇನೆ, ಕಾರಣ ಇದೆ. 7331 ಕೂಡ ಹೆಚ್ಚೂಕಮ್ಮಿ 4 ಕೋಟಿ ಜ್ಯೋತಿರ್ವರ್ಷದ ಆಸುಪಾಸಿನದು. ಅಂದರೆ ನಮ್ಮ ದಾರಿಹೋಕ 7320ರ ನೆರೆಹೊರೆ ಕ್ವಿಂಟೆಟ್ ಅಲ್ಲ, ಈ ಕಡೆಯದು. ಒಂದೇ ಫೋಟೋದಲ್ಲಿ ಎರಡೂ ಇದ್ದರೆ ಕಣ್ಣಿಗೆ ಹೋಲಿಕೆ ಸಿಗುತ್ತದೆ. ಸೆನ್ಸರ್ ಚಿಕ್ಕದಾದರೆ ಒದ್ದಾಡಬೇಡಿ. ಕ್ವಿಂಟೆಟ್ ನಡುವಿನಿಂದ ಸ್ವಲ್ಪ ಪಶ್ಚಿಮಕ್ಕೆ ಸರಿಯುವ ಹಾಗೆ ಇಡಿ, ಪೂರ್ವಕ್ಕೆ ಜಾಗ ಬಿಡಿ. ಅಲ್ಲಿ 7320ಸಿ ಎನ್ನುವ ಇನ್ನೊಂದು ಪುಟ್ಟ ಗೆಲಾಕ್ಸಿ ಇದೆ, ಅದರ ವಿಷಯ ಆಮೇಲೆ.

ಕಾಲದ ಬಗ್ಗೆ: ಸೆಪ್ಟೆಂಬರ್ ಮೊದಲಿಗೆ ಇದು ನಡುರಾತ್ರಿ ನೆತ್ತಿಯ ರೇಖೆ ದಾಟುತ್ತದೆ. ಅಕ್ಟೋಬರ್ ಮೊದಲಿಗೆ ರಾತ್ರಿ ಹತ್ತಕ್ಕೆ, ನವೆಂಬರ್ ಮೊದಲಿಗೆ ಎಂಟಕ್ಕೆ. ದಿಗಂತದಿಂದ 40 ಡಿಗ್ರಿಗಿಂತ ಮೇಲಿದ್ದಾಗ ಮಾತ್ರ ತೆಗೆಯಿರಿ. 30 ಡಿಗ್ರಿಗೆ ಇಳಿದರೆ ಬೆಳಕು ಎರಡು ಪಟ್ಟು ಗಾಳಿ ದಾಟಿ ಬರಬೇಕು. ಅಲ್ಲಿ ತೆಗೆದ ಒಂದು ಗಂಟೆ ಮೇಲೆ ತೆಗೆದ ಒಂದು ಗಂಟೆಗೆ ಸಮ ಅಲ್ಲ. ಚಂದ್ರ ಇರುವ ರಾತ್ರಿ ಬಿಟ್ಟುಬಿಡಿ.

ಫಿಲ್ಟರ್ ಮೋಹ

ಊರಿನ ಬೆಳಕಿನ ಕಾಟ ಇರುವವರು ಮೊದಲು ಕೇಳುವುದೇ ಇದು: ಡ್ಯುಯಲ್ ಬ್ಯಾಂಡ್ ಫಿಲ್ಟರ್ (ಎರಡು ಕಿರಿದಾದ ಬಣ್ಣಪಟ್ಟಿ ಮಾತ್ರ ಬಿಡುವಂಥದ್ದು) ಹಾಕಲಾ? ಬೇಡ. ನೆಬ್ಯುಲಾಗಳ ಬೆಳಕು ಕೆಲವೇ ತರಂಗಾಂತರಗಳಲ್ಲಿ ಬರುತ್ತದೆ, ಅದಕ್ಕೆ ಆ ಫಿಲ್ಟರ್ ಸರಿ. ಗೆಲಾಕ್ಸಿಯ ಬೆಳಕು ಬಹುಪಾಲು ನಕ್ಷತ್ರಗಳದ್ದು, ಎಲ್ಲಾ ಬಣ್ಣದಲ್ಲೂ ಹರಡಿರುತ್ತದೆ. ಫಿಲ್ಟರ್ ಹಾಕಿದರೆ ಊರಿನ ಬೆಳಕಿನ ಜೊತೆ ಗೆಲಾಕ್ಸಿಯನ್ನೂ ಕತ್ತರಿಸಿ ಬಿಸಾಕಿದ ಹಾಗೆ.

ಕ್ವಿಂಟೆಟ್ ವಿಷಯದಲ್ಲಿ ಇನ್ನೂ ಒಂದು ಮಜಾ ಇದೆ. ಹೈಡ್ರೋಜನ್-ಆಲ್ಫಾ ಬೆಳಕು 656.3 ನ್ಯಾನೋಮೀಟರಿನದು. 7 ನ್ಯಾನೋಮೀಟರ್ ಅಗಲದ ಫಿಲ್ಟರ್ ಸುಮಾರು 653ರಿಂದ 660ರವರೆಗೆ ಬಿಡುತ್ತದೆ. ಆದರೆ ಕ್ವಿಂಟೆಟ್‌ನ ಅಸಲಿ ಸದಸ್ಯರಲ್ಲಿ ಮೂವರು ಸೆಕೆಂಡಿಗೆ ಸುಮಾರು 6,600 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿದ್ದಾರೆ. ಅವರ ಹೈಡ್ರೋಜನ್ ಬೆಳಕು ನಮ್ಮ ಹತ್ತಿರ ಬರುವಷ್ಟರಲ್ಲಿ 670ರ ಹತ್ತಿರ ಹೋಗಿರುತ್ತದೆ. ಫಿಲ್ಟರಿನ ಬಾಗಿಲು ಮುಚ್ಚಿರುತ್ತದೆ. ನಾಲ್ಕನೆಯ 7318ಬಿ ಸ್ವಲ್ಪ ನಿಧಾನ, ಸೆಕೆಂಡಿಗೆ ಸುಮಾರು 5,800 ಕಿಲೋಮೀಟರ್. ಅದೂ 669ಕ್ಕೆ ಹೋಗಿ ನಿಲ್ಲುತ್ತದೆ. ದಾರಿಹೋಕ 7320 ಮಾತ್ರ ಸೆಕೆಂಡಿಗೆ 800 ಕಿಲೋಮೀಟರಿನ ಆಸುಪಾಸು, ಅದರ ಹೈಡ್ರೋಜನ್ ಬೆಳಕು 658ರಲ್ಲಿದೆ. ಅದು ಮಾತ್ರ ಒಳಗೆ ಬರುತ್ತದೆ.

ಹಾಗಾಗಿ ಮೋನೋ (ಕಪ್ಪು-ಬಿಳುಪು) ಕ್ಯಾಮೆರಾ ಮತ್ತು 7 ನ್ಯಾನೋಮೀಟರಿನ ಹೈಡ್ರೋಜನ್-ಆಲ್ಫಾ ಫಿಲ್ಟರ್ ಇರುವವರು ಎರಡು ಮೂರು ಗಂಟೆ ಅದರಲ್ಲಿ ತೆಗೆದು ನೋಡಿ. ನಕ್ಷತ್ರಗಳ ಸಾಮಾನ್ಯ ಬೆಳಕನ್ನು ಕಳೆದಮೇಲೆ ನಕ್ಷತ್ರ ಹುಟ್ಟುವ ಗುಲಾಬಿ ಮಚ್ಚೆಗಳು 7320ರಲ್ಲಿ ಮಾತ್ರ ಉಳಿಯುತ್ತವೆ, ಮಿಕ್ಕ ನಾಲ್ಕರಲ್ಲಿ ಇಲ್ಲ. 3 ನ್ಯಾನೋಮೀಟರಿನದು ಬೇಡ, ಅದರಲ್ಲಿ 7320 ಕೂಡ ಅಂಚಿಗೆ ಹೋಗಿಬಿಡುತ್ತದೆ. ಬರ್ಬಿಜ್ ದಂಪತಿ ಸ್ಪೆಕ್ಟ್ರೋಗ್ರಾಫ್ ಇಟ್ಟುಕೊಂಡು ತೋರಿಸಿದ್ದನ್ನು ಹಿತ್ತಲಲ್ಲಿ ಒಂದು ಗಾಜಿನ ತುಂಡು ತೋರಿಸುತ್ತದೆ. ನನಗಂತೂ ಇಡೀ ಕೆಲಸದಲ್ಲಿ ಅತಿ ಖುಷಿ ಕೊಡುವ ಭಾಗ ಇದು.

ಬಣ್ಣದ ಕ್ಯಾಮೆರಾ ಇರುವವರಿಗೆ ಯುವಿ-ಐಆರ್ ಕಟ್ ಫಿಲ್ಟರ್ ಒಂದು ಸಾಕು. ಹಳೆಯ ಸೋಡಿಯಂ ಬೀದಿದೀಪಗಳಿಗೆ ಅಂತ ಮಾಡಿದ ಫಿಲ್ಟರ್‌ಗಳು ಎಲ್‌ಇಡಿ ಬೆಳಕಿಗೆ ಹೆಚ್ಚೇನೂ ಮಾಡಲ್ಲ, ಬಣ್ಣ ಮಾತ್ರ ಕೆಡಿಸುತ್ತವೆ.

ರಾತ್ರಿಯ ಕೆಲಸ

ಪೋಲಾರ್ ಅಲೈನ್‌ಮೆಂಟ್, ಬ್ಯಾಲೆನ್ಸ್ ಎಲ್ಲ ನಿಮಗೆ ಗೊತ್ತಿರುವುದೇ. ಎರಡು ವಿಷಯಕ್ಕೆ ಮಾತ್ರ ಇಲ್ಲಿ ಜಾಸ್ತಿ ತಲೆ ಕೊಡಿ.

ಒಂದು ಕಾಲಿಮೇಶನ್ (ಕನ್ನಡಿಗಳನ್ನು ನೇರಕ್ಕೆ ಹೊಂದಿಸುವುದು) ಮತ್ತು ಫೋಕಸ್. 7318ಎ ಮತ್ತು 7318ಬಿ ಇದ್ದಾವಲ್ಲ, ಅವುಗಳ ನಡುಗಣ್ಣುಗಳ ಅಂತರ ಸುಮಾರು 20 ಆರ್ಕ್‌ಸೆಕೆಂಡ್. ನನ್ನ ಸೆಟಪ್‌ನಲ್ಲಿ ಅದು ಸುಮಾರು 26 ಪಿಕ್ಸೆಲ್. ಫೋಕಸ್ ಸ್ವಲ್ಪ ಜಾರಿದರೂ ಎರಡೂ ಸೇರಿ ಒಂದು ಉದ್ದನೆಯ ಮುದ್ದೆ ಆಗಿಬಿಡುತ್ತವೆ. ಬಾಹ್ಟಿನೋವ್ ಮಾಸ್ಕ್ (ಟೆಲಿಸ್ಕೋಪ್ ಬಾಯಿಗೆ ಹಾಕುವ ಸೀಳುಗಳ ಮುಚ್ಚಳ) ಹಾಕಿ ಫೋಕಸ್ ಮಾಡಿ. ರಾತ್ರಿ ತಣ್ಣಗಾಗುತ್ತಾ ಹೋದ ಹಾಗೆ ಕೊಳವೆ ಕುಗ್ಗುತ್ತದೆ, ಫೋಕಸ್ ಸರಿಯುತ್ತದೆ. ಗಂಟೆಗೊಮ್ಮೆ ಮತ್ತೆ ನೋಡಿ. ಮೋಟಾರ್ ಫೋಕಸರ್ ಇದ್ದರೆ ತಾಪ 1 ಡಿಗ್ರಿ ಇಳಿದಾಗೆಲ್ಲ ತಾನೇ ಸರಿಮಾಡಿಕೊಳ್ಳುವಂತೆ ಹೇಳಿಬಿಡಿ.

ಇನ್ನೊಂದು ಗೈಡಿಂಗ್, ಅಂದರೆ ಟೆಲಿಸ್ಕೋಪ್ ನಕ್ಷತ್ರದ ಹಿಂದೆ ಜಾರದೆ ಹೋಗುವಂತೆ ತಿದ್ದುವುದು. ಅದನ್ನು ಮಾಡುವ ಪಿಎಚ್‌ಡಿ2 ಪ್ರೋಗ್ರಾಮಿನ ಗ್ರಾಫ್ ಕೆಳಗೆ ಒಟ್ಟು ಆರ್‌ಎಂಎಸ್ (ಸರಾಸರಿ ತಪ್ಪು) ಅಂತ ಒಂದು ಸಂಖ್ಯೆ ಬರುತ್ತದೆ. ಅದು 0.8 ಆರ್ಕ್‌ಸೆಕೆಂಡಿಗಿಂತ ಕೆಳಗಿರಲಿ. ಅದಕ್ಕಿಂತ ಮುಖ್ಯ, ಎರಡು ಅಕ್ಷಗಳ ಸಂಖ್ಯೆಗಳು ಹತ್ತಿರ ಹತ್ತಿರ ಇರಲಿ. ಒಂದು 0.4, ಇನ್ನೊಂದು 1.0 ಆದರೆ ನಕ್ಷತ್ರಗಳು ಮೊಟ್ಟೆಯಾಗುತ್ತವೆ. ನ್ಯೂಟೋನಿಯನ್ ಇಟ್ಟುಕೊಂಡವರಿಗೆ ಗಾಳಿ ದೊಡ್ಡ ಶತ್ರು. ನನ್ನ ಹಿತ್ತಲಿನ ಗೋಡೆ ಪಕ್ಕಕ್ಕೆ ಟ್ರೈಪಾಡ್ ಸರಿಸಿದ ಮೇಲೆ ಗ್ರಾಫ್ ಎಷ್ಟೋ ಶಾಂತವಾಯಿತು, ಯಾವ ಸೆಟ್ಟಿಂಗೂ ಅಷ್ಟು ಮಾಡಿರಲಿಲ್ಲ.

ಒಂದೊಂದು ಫೋಟೋ ಎಷ್ಟು ಹೊತ್ತು? ಊರಿನ ಆಕಾಶದಲ್ಲಿ ಎಫ್/5ಕ್ಕೆ 60 ಸೆಕೆಂಡ್ ಸಾಕು. ಕತ್ತಲೆಯ ಜಾಗಕ್ಕೆ ಹೋದರೆ 180ರಿಂದ 300 ಸೆಕೆಂಡ್. ಹಿಸ್ಟೋಗ್ರಾಮಿನ ಗುಡ್ಡ ಎಡಗಡೆಯ ಗೋಡೆ ಬಿಟ್ಟು ಸ್ಪಷ್ಟವಾಗಿ ಈಚೆ ಬಂದಿದ್ದರೆ ಆಯಿತು. ಆಕಾಶದ ಬೆಳಕಿನ ಗದ್ದಲ ಕ್ಯಾಮೆರಾದ ಗದ್ದಲವನ್ನು ಮುಳುಗಿಸಿದೆ ಅಂತ ಅರ್ಥ. ಅದಾದಮೇಲೆ ಒಂದೊಂದನ್ನು ಉದ್ದ ಮಾಡಿದರೆ ಲಾಭ ಇಲ್ಲ, ನಕ್ಷತ್ರಗಳ ನಡು ಸುಟ್ಟುಹೋಗುತ್ತದೆ ಅಷ್ಟೇ. ಡಿಎಸ್‌ಎಲ್‌ಆರ್ ಇದ್ದರೆ ಐಎಸ್‌ಒ 800 ಅಥವಾ 1600.

ಒಟ್ಟು ಸಮಯದಲ್ಲಿ ಮಾತ್ರ ಜಿಪುಣತನ ಬೇಡ. ಐದು ಗೆಲಾಕ್ಸಿಗಳ ಆಕಾರ ಕಾಣೋದಕ್ಕೆ ಊರಿನ ಆಕಾಶದಲ್ಲಿ ಐದಾರು ಗಂಟೆ ಬೇಕು. ಎಳೆದಾಟದಲ್ಲಿ ಗೆಲಾಕ್ಸಿಯಿಂದ ಚಾಚಿದ ಮಸುಕು ಬಾಲಗಳು ಕಾಣಬೇಕಾದರೆ ಹದಿನೈದಕ್ಕೂ ಮೇಲೆ. ಗದ್ದಲ ಅರ್ಧ ಆಗಬೇಕಾದರೆ ಸಮಯ ನಾಲ್ಕು ಪಟ್ಟು ಆಗಬೇಕು, ಇದರಲ್ಲಿ ಚೌಕಾಸಿ ನಡೆಯಲ್ಲ. ಹಾಗಾಗಿ ಒಂದೇ ರಾತ್ರಿಯಲ್ಲಿ ಮುಗಿಸುವ ಯೋಚನೆ ಬಿಡಿ. 2022ರ ಜುಲೈ 12ರಂದು ಬಿಡುಗಡೆಯಾದ ಜೇಮ್ಸ್ ವೆಬ್ ಟೆಲಿಸ್ಕೋಪಿನ ಕ್ವಿಂಟೆಟ್ ಚಿತ್ರ ಕೂಡ ಸುಮಾರು 1,000 ಫೈಲುಗಳನ್ನು ಸೇರಿಸಿ ಮಾಡಿದ್ದೇ.

ಡಿದರಿಂಗ್ ತಪ್ಪಿಸಬೇಡಿ. ಮೂರು ನಾಲ್ಕು ಫೋಟೋಗೊಮ್ಮೆ ಟೆಲಿಸ್ಕೋಪ್ ಕೆಲವು ಪಿಕ್ಸೆಲ್ ಅತ್ತಿತ್ತ ಸರಿಯಲಿ. ಇಲ್ಲದಿದ್ದರೆ ಫೋಟೋಗಳನ್ನೆಲ್ಲ ಒಂದರ ಮೇಲೊಂದು ಸೇರಿಸಿ ಸ್ಟ್ಯಾಕ್ ಮಾಡಿದಾಗ ಹಿನ್ನೆಲೆಯಲ್ಲಿ ಓರೆ ಗೆರೆಗಳು ಏಳುತ್ತವೆ. ಅಂಥ ಗೆರೆ 7319ರ ಬಾಲದ ಹತ್ತಿರ ಬಂದರೆ ಯಾವುದು ಬಾಲ, ಯಾವುದು ಗೆರೆ ಅಂತ ದೇವರಿಗೇ ಗೊತ್ತು.

ಡಾರ್ಕ್ (ಮುಚ್ಚಳ ಹಾಕಿ ತೆಗೆದ ಫೋಟೋ), ಫ್ಲಾಟ್ (ಸಮನಾದ ಬೆಳಕಿಗೆ ಹಿಡಿದು ತೆಗೆದದ್ದು) ಎರಡೂ ಬೇಕು. ಫ್ಲಾಟ್ ಇಲ್ಲದೆ ಮಸುಕಾದ ಗೆಲಾಕ್ಸಿಗೆ ಕೈ ಹಾಕಲೇಬೇಡಿ. ಕ್ಯಾಮೆರಾ ಬಿಚ್ಚುವ ಮುಂಚೆ ತೆಗೆಯಿರಿ, ಅಷ್ಟೇ ನಿಯಮ.

ಕಂಪ್ಯೂಟರ್ ಮುಂದೆ

ನಾನು ಸಿರಿಲ್ ಎನ್ನುವ ಪ್ರೋಗ್ರಾಮಿನಲ್ಲಿ ಕೆಲಸ ಮಾಡುತ್ತೇನೆ. ಸ್ಟ್ಯಾಕ್ ಮಾಡುವ ಮೊದಲು ಎಲ್ಲಾ ಫೋಟೋಗಳ ಎಫ್‌ಡಬ್ಲ್ಯುಎಚ್‌ಎಂ (ನಕ್ಷತ್ರದ ದಪ್ಪದ ಅಳತೆ) ಗ್ರಾಫ್ ತೆಗೆದು ನೋಡಿ. ನಕ್ಷತ್ರ ದಪ್ಪ ಆಗಿರುವ ಫೋಟೋಗಳನ್ನು ದಾಕ್ಷಿಣ್ಯ ಇಲ್ಲದೆ ಕಿತ್ತುಹಾಕಿ. ಕಾಲು ಭಾಗ ಹೋದರೂ ಹೋಗಲಿ.

ಮುಂದಿನದು ಹಿನ್ನೆಲೆ ತೆಗೆಯುವುದು, ಅಂದರೆ ಆಕಾಶದ ಬೆಳಕಿನ ಏರಿಳಿತವನ್ನು ಚುಕ್ಕೆಗಳಲ್ಲಿ ಅಳೆದು ಕಳೆಯುವುದು. ಕ್ವಿಂಟೆಟ್ ಫೋಟೋ ಕೆಡುವುದು ಬಹುತೇಕ ಇಲ್ಲೇ. ಪ್ರೋಗ್ರಾಂ ತಾನಾಗಿ ಇಡುವ ಚುಕ್ಕೆಗಳನ್ನು ನಂಬಬೇಡಿ. ಗುಂಪಿನ ಸುತ್ತ ಒಂದಷ್ಟು ದೂರದವರೆಗೆ ಇರುವ ಚುಕ್ಕೆಗಳನ್ನು ಅಳಿಸಿ. ಆಗ್ನೇಯ ಮತ್ತು ಪೂರ್ವದ ಕಡೆ ಇನ್ನೂ ಜಾಸ್ತಿ ಜಾಗ ಬಿಡಿ. ಲೆಕ್ಕಕ್ಕೆ ಒಂದನೇ ಡಿಗ್ರಿಯ ಪಾಲಿನಾಮಿಯಲ್ ಸಾಕು, ತೀರಾ ಬೇಕಾದರೆ ಎರಡು. ಯಾಕೆಂದರೆ 7319ರಿಂದ ಎರಡು ಬಾಲಗಳು ಪೂರ್ವಕ್ಕೆ ಚಾಚಿವೆ. ಹಳೆಯದು ಅಗಲ, ಮಸುಕು, 7320ರ ಬೆನ್ನ ಹಿಂದಿನಿಂದ ಹಾದುಹೋಗುತ್ತದೆ. ಹೊಸದು ಸಪೂರ, ನೇರ 7320ಸಿ ಕಡೆಗೆ ತೋರಿಸುತ್ತದೆ. ಆ 7320ಸಿ ಹಿಂದೊಮ್ಮೆ ಗುಂಪಿನೊಳಗೆ ನುಗ್ಗಿ ಹೊರಗೆ ಹೋದ ಗೆಲಾಕ್ಸಿ ಅನ್ನುತ್ತಾರೆ ವಿಜ್ಞಾನಿಗಳು, ಬಾಲ ಎಳೆದವರಲ್ಲಿ ಅದೂ ಒಂದು. 2018ರಲ್ಲಿ ಪ್ರಕಟವಾದ, ಕೆನಡಾ-ಫ್ರಾನ್ಸ್-ಹವಾಯಿ ಟೆಲಿಸ್ಕೋಪಿನ ಚಿತ್ರಗಳಲ್ಲಿ 7317ರ ಸುತ್ತಲೂ ಕೆಂಪು ಬಣ್ಣದ ಮಸುಕು ಪ್ರಭೆ ಸಿಕ್ಕಿತು. ಅವಸರದಲ್ಲಿ ಹಿನ್ನೆಲೆ ಸಪಾಟು ಮಾಡಿದರೆ ಇಂಥವೇ ಮೊದಲು ಹೋಗುವುದು.

ಬಣ್ಣಕ್ಕೆ ಫೋಟೋಮೆಟ್ರಿಕ್ ಕಲರ್ ಕ್ಯಾಲಿಬ್ರೇಶನ್ ಬಳಸಿ. ಅದು ನಿಮ್ಮ ಫೋಟೋದ ನಕ್ಷತ್ರಗಳನ್ನು ಕ್ಯಾಟಲಾಗಿನ ಅಳತೆಗಳ ಜೊತೆ ಹೋಲಿಸಿ ಬಣ್ಣ ಸರಿಮಾಡುತ್ತದೆ. ಕಣ್ಣಳತೆಯಲ್ಲಿ ಸ್ಲೈಡರ್ ಎಳೆಯಬೇಡಿ. ಸರಿಯಾಗಿ ಆದರೆ 7320 ನೀಲಿಯಾಗಿ, ಸಣ್ಣ ಸಣ್ಣ ಕಾಳುಕಾಳಾಗಿ ಕಾಣುತ್ತದೆ. ಹತ್ತಿರದ್ದಲ್ವಾ, ವಿವರ ಒಡೆಯುತ್ತದೆ. 7317, 7318ಎ, 7319ರ ನಡುಭಾಗಗಳು ಹಳದಿ, ನುಣುಪು. 7318ಎ-ಬಿ ಜೋಡಿಯ ಉತ್ತರಕ್ಕೆ ನೀಲಿ ಗಂಟುಗಳು. 7318ಬಿ ಗುಂಪಿನ ಅನಿಲಕ್ಕೆ ಸೆಕೆಂಡಿಗೆ 800 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಗುದ್ದುತ್ತಿದೆ, ಆ ಗಲಾಟೆಯಲ್ಲಿ ಹುಟ್ಟಿದ ಹೊಸ ನಕ್ಷತ್ರಗಳು ಅವು. ಈ ನೀಲಿ-ಹಳದಿ ವ್ಯತ್ಯಾಸ ಉಳಿಸಿಕೊಂಡರೆ ನಾನು ಮೊದಲು ಹೇಳಿದ ಕಥೆ ತಾನಾಗಿ ಕಾಣುತ್ತದೆ.

ಸ್ಟ್ರೆಚ್ ಮಾಡುವಾಗ (ಮಸುಕು ಭಾಗವನ್ನು ಕಣ್ಣಿಗೆ ಕಾಣುವಷ್ಟು ಬೆಳಗಿಸುವಾಗ) ಮೊದಲು ಸಿರಿಲ್‌ನ ಆಸಿನ್ಹ್ ಸ್ವಲ್ಪ, ಬಣ್ಣ ತೊಳೆದುಹೋಗದ ಹಾಗೆ. ಆಮೇಲೆ ಜನರಲೈಸ್ಡ್ ಹೈಪರ್ಬಾಲಿಕ್ ಸ್ಟ್ರೆಚ್‌ನಲ್ಲಿ ಮಸುಕು ಭಾಗವನ್ನು ನಿಧಾನಕ್ಕೆ ಎತ್ತಿ. ಹಿನ್ನೆಲೆ ಕಡುಕಪ್ಪು ಮಾಡಬೇಡಿ, ಬಾಲ ಇರುವುದು ಆ ಬೂದು ಬಣ್ಣದ ಗಡಿಯಲ್ಲೇ. ತುಂಬಾ ಎತ್ತಿದರೆ ಅಲ್ಲಲ್ಲಿ ಮೋಡದ ಹಾಗೆ ಏನೋ ಕಾಣಬಹುದು. ಫ್ಲಾಟ್ ಸರಿಯಿದ್ದರೆ ಅದು ನಮ್ಮದೇ ಹಾಲುಹಾದಿಯ ಧೂಳು, ಈ ದಿಕ್ಕಿನಲ್ಲಿ ಇದೆ.

ಶಾರ್ಪನ್ ಮಾಡುವ ಎಐ ಉಪಕರಣಗಳ ಬಗ್ಗೆ ನನಗೆ ಸ್ವಲ್ಪ ಗುಮಾನಿ. ನಕ್ಷತ್ರ ಸಣ್ಣ ಮಾಡಲಿ, ಅಡ್ಡಿಯಿಲ್ಲ. ಆದರೆ 7318 ಜೋಡಿಯ ನಡುವೆ ಇಲ್ಲದ ಸುರುಳಿ ಎಳೆಗಳನ್ನು ಹೆಣೆದುಬಿಡುವುದೂ ಉಂಟು. ಅನುಮಾನ ಬಂದರೆ ದೊಡ್ಡ ಟೆಲಿಸ್ಕೋಪಿನ ಚಿತ್ರ ಪಕ್ಕಕ್ಕಿಟ್ಟು ನೋಡಿ. ಅದರಲ್ಲಿ ಇಲ್ಲದ್ದು ನಿಮ್ಮದರಲ್ಲಿ ಇದ್ದರೆ ಶಾರ್ಪನಿಂಗ್ ಇಳಿಸಿ. ಹಾಗೆಯೇ 7317ರ ಪಕ್ಕ ಅಂಟಿಕೊಂಡ ಹಾಗೆ ನಮ್ಮ ಹಾಲುಹಾದಿಯ ಒಂದು ನಕ್ಷತ್ರ ಇದೆ. ಸ್ಟಾರ್‌ನೆಟ್ ಪ್ರೋಗ್ರಾಂ ಹಾಕಿ ಫೋಟೋದಿಂದ ನಕ್ಷತ್ರ ತೆಗೆದಾಗ ಗೆಲಾಕ್ಸಿಯ ನಡುಗಣ್ಣೂ ಅದರ ಜೊತೆ ಹೋಯಿತಾ ಅಂತ ಅಲ್ಲಿ ಜೂಮ್ ಮಾಡಿ ನೋಡಿ.

ಕೊನೆಗೆ ಕ್ರಾಪ್. ಎರಡು ಪ್ರತಿ ಇಟ್ಟುಕೊಳ್ಳಿ. ಒಂದು 7331 ಸೇರಿದ ಅಗಲದ್ದು, ಇನ್ನೊಂದು 7320ಸಿಯನ್ನು ಎಡ ಅಂಚಿಗೆ ಇಟ್ಟು ಕತ್ತರಿಸಿದ್ದು, ಉತ್ತರ ಮೇಲಕ್ಕಿರಲಿ. ಮೂಲ ಫೈಲುಗಳನ್ನು ಅಳಿಸಬೇಡಿ. ಕ್ಯಾಮೆರಾ ಯಾವ ಕೋನದಲ್ಲಿತ್ತು ಅಂತ ಪ್ಲೇಟ್ ಸಾಲ್ವ್ ಹೇಳುತ್ತದೆ, ಅದನ್ನು ಫೋಲ್ಡರಿನ ಹೆಸರಿನಲ್ಲೇ ಬರೆದಿಡಿ. ಮುಂದಿನ ಸೆಪ್ಟೆಂಬರಿನಲ್ಲಿ ಅದೇ ಕೋನಕ್ಕೆ ತಿರುಗಿಸಿ, ಆ ವರ್ಷದ ಹೊಸ ಫ್ಲಾಟ್ ತೆಗೆದು, ಹಳೆಯದರ ಮೇಲೆ ಇನ್ನಷ್ಟು ಗಂಟೆ ಸೇರಿಸಬಹುದು.